ಮೊದಲ ಪ್ರಶ್ನೆಗೆ ಸಿಕ್ಕ ಉತ್ತರ: ಮುಕ್ತ ತಂತ್ರಾಂಶ ಲೋಕದಲ್ಲಿ ಹೊಸಬರ ಚರಿತ್ರೆ



ನಮ್ಮ ಯುವಕೂಟದಲ್ಲಿ ಡಿಗ್ರಿ ಮುಗಿಸಿದವರು, ಇಂಜಿನಿಯರಿಂಗ್ ಓದುತ್ತಿರುವವರು, ಬೆಂಗಳೂರಿಗೋ ಹೈದರಾಬಾದಿಗೋ ಕೆಲಸ ಹುಡುಕಿಕೊಂಡು ಹೊರಟವರು ಇದ್ದಾರೆ. "ಓಪನ್ ಸೋರ್ಸ್‌ನಲ್ಲಿ ಏನಾದರೂ ಕೆಲಸ ಮಾಡಿ, ರೆಸ್ಯೂಮೆಗೆ ಒಳ್ಳೆಯದು" ಎಂಬ ಸಲಹೆ ಇವರೆಲ್ಲರ ಕಿವಿಗೆ ಬಿದ್ದಿರುತ್ತದೆ. ಆದರೆ ಅಲ್ಲಿಗೆ ಹೋಗಿ ಮೊದಲ ಪ್ರಶ್ನೆ ಕೇಳಲು ಹಲವರಿಗೆ ಅಂಜಿಕೆ. ಇಂಗ್ಲಿಷ್ ತಪ್ಪಾದರೆ? ಪ್ರಶ್ನೆಯೇ ದಡ್ಡತನದ್ದಾದರೆ? ಆ ಅಂಜಿಕೆಗೆ ಒಂದು ಚರಿತ್ರೆ ಇದೆ. ಅದನ್ನು ಹೋಗಲಾಡಿಸಲು ನಡೆದ ಪ್ರಯತ್ನಗಳಿಗೂ ಚರಿತ್ರೆ ಇದೆ. ಈ ಸಲ ಅದನ್ನೇ ನೋಡೋಣ.

ಮೊದಲು ಒಂದು ಮಾತು. ಮುಕ್ತ ತಂತ್ರಾಂಶ ಎಂದರೆ ಯಾರು ಬೇಕಾದರೂ ಅದರ ಕೋಡ್ ತೆರೆದು ನೋಡಬಹುದು, ತಿದ್ದಬಹುದು, ಇತರರಿಗೆ ಹಂಚಬಹುದು. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆದರೆ ಅದರ ಒಳಗಿನ ಲಿನಕ್ಸ್ ಕರ್ನಲ್ ಅಂಥದ್ದು. ಅದನ್ನು ಬರೆದವರಲ್ಲಿ ಕಂಪನಿಗಳ ಇಂಜಿನಿಯರುಗಳೂ ಇದ್ದಾರೆ, ಸಂಬಳವಿಲ್ಲದೆ ಬರೆದ ಸ್ವಯಂಸೇವಕರೂ ಇದ್ದಾರೆ. ಎಲ್ಲರೂ ಒಂದು ದಿನ ಏನೂ ತಿಳಿಯದೆ ಬಂದವರೇ.

ಹೆಲ್ಸಿಂಕಿಯ ವಿದ್ಯಾರ್ಥಿ

1991ರ ಆಗಸ್ಟ್ 25ರಂದು ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಒಂದು ಚರ್ಚಾಕೂಟಕ್ಕೆ ಸಂದೇಶ ಕಳುಹಿಸಿದ. ಅದು ಮಿನಿಕ್ಸ್ ಎಂಬ ಪುಟ್ಟ ಕಾರ್ಯಾಚರಣ ವ್ಯವಸ್ಥೆ ಬಳಸುವವರ ಕೂಟ. ತಾನೂ ಒಂದು ವ್ಯವಸ್ಥೆ ಬರೆಯುತ್ತಿದ್ದೇನೆ, ಅದು ಹವ್ಯಾಸಕ್ಕಷ್ಟೇ, ದೊಡ್ಡದೇನೂ ಆಗುವುದಿಲ್ಲ, ನಿಮಗೆ ಏನೇನು ಬೇಕು ಹೇಳಿ ಎಂಬುದು ಅವನ ಮಾತಿನ ಸಾರ. ಅದಕ್ಕೂ ಮುಂಚೆ ಅದೇ ಕೂಟದಲ್ಲಿ, ಪಾಸಿಕ್ಸ್ ಎಂಬ ಮಾನದಂಡದ ವಿವರ ಎಲ್ಲಿ ಸಿಗುತ್ತದೆ ಎಂದೂ ಅವನು ಕೇಳಿದ್ದ. ಹೊಸಬರು ಕೇಳುವಂಥದೇ ಪ್ರಶ್ನೆ.

ಅವನಿಗೆ ನೆರವಾದವರಲ್ಲಿ ಆರಿ ಲೆಮ್ಕೆ ಒಬ್ಬರು. ಕಡತಗಳನ್ನು ಹಂಚುವ ಸರ್ವರ್ ಒಂದರ ಹೊಣೆ ಅವರದಾಗಿತ್ತು. ಹುಡುಗನ ಅರೆಬೆಂದ ಕೋಡಿಗೆ ಆ ಸರ್ವರಿನಲ್ಲಿ ಅವರು ಜಾಗ ಕೊಟ್ಟರು. ಲೀನಸ್ ತನ್ನ ಕೆಲಸಕ್ಕೆ "ಫ್ರೀಯಾಕ್ಸ್" ಎಂದು ಹೆಸರಿಟ್ಟಿದ್ದ. ಲೆಮ್ಕೆಗೆ ಅದು ಹಿಡಿಸಲಿಲ್ಲ. ಅವರು ಫೋಲ್ಡರಿಗೆ "ಲಿನಕ್ಸ್" ಎಂದು ಹೆಸರು ಕೊಟ್ಟರು, ಅದೇ ಉಳಿಯಿತು.

ಮುಂದಿನ ವರ್ಷ, 1992ರ ಜನವರಿಯಲ್ಲಿ, ಮಿನಿಕ್ಸ್ ಬರೆದ ಪ್ರೊಫೆಸರ್ ಆಂಡ್ರ್ಯೂ ಟಾನೆನ್‌ಬಾಮ್ ಅದೇ ಕೂಟದಲ್ಲಿ ಲಿನಕ್ಸ್ ಹಳೇ ಕಾಲದ ವಿನ್ಯಾಸ ಎಂದು ಬರೆದರು. ನೀನು ನನ್ನ ವಿದ್ಯಾರ್ಥಿಯಾಗಿದ್ದರೆ ಒಳ್ಳೆಯ ಅಂಕ ಬರುತ್ತಿರಲಿಲ್ಲ ಎಂದೂ ಹೇಳಿದರು. ಲೀನಸ್ ಅಳುಕದೆ ವಾದಿಸಿದ. ಆದರೆ ಅಷ್ಟು ಹೊತ್ತಿಗೆ ಅವನ ಕೋಡು ಸರ್ವರಿನಲ್ಲಿತ್ತು, ಅದನ್ನು ಬಳಸಿ ತಿದ್ದಿ ಕಳುಹಿಸುವ ಗೆಳೆಯರೂ ಸಿಕ್ಕಿದ್ದರು. ಅದೇನೂ ಇಲ್ಲದ ಹೊಸಬನಿಗೆ ಪ್ರೊಫೆಸರ್ ಒಬ್ಬರಿಂದ ಇಂಥ ಮಾತು ಬಂದಿದ್ದರೆ ಏನಾಗುತ್ತಿತ್ತು? ಇನ್ನೊಂದು ಮಾತನ್ನೂ ಹೇಳಬೇಕು. ಲೀನಸ್ ಕಲಿತಿದ್ದೇ ಟಾನೆನ್‌ಬಾಮ್ ಅವರ ಪುಸ್ತಕದಿಂದ. ವರ್ಷಗಟ್ಟಲೆ ಕಲಿಸಿದ ಹಿರಿಯರ ಬಾಯಲ್ಲೂ ಒಂದು ದಿನ ಇಂಥ ಮಾತು ಬರುತ್ತದೆ.

ಹಿರಿಯರ ಬೇಸರ

ಹಿರಿಯರು ಯಾಕೆ ಸಿಡುಕುತ್ತಾರೆ? ಇದಕ್ಕೂ ಒಂದು ತಾರೀಖು ಇದೆ. ಆಗಿನ ಯೂಸ್‌ನೆಟ್ ಚರ್ಚಾಕೂಟಗಳಿಗೆ ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು. ಒಂದೆರಡು ತಿಂಗಳು ಗೊಂದಲ. ಅಷ್ಟರಲ್ಲಿ ಅವರೂ ರೀತಿನೀತಿ ಕಲಿತುಬಿಡುತ್ತಿದ್ದರು. 1993ರ ಹೊತ್ತಿಗೆ ಎಒಎಲ್‌ನಂಥ ಕಂಪನಿಗಳು ತಮ್ಮ ಗ್ರಾಹಕರಿಗೆಲ್ಲ ಈ ಕೂಟಗಳ ಬಾಗಿಲು ತೆರೆಯತೊಡಗಿದವು. ಹೊಸಬರ ಹರಿವು ನಿಲ್ಲಲೇ ಇಲ್ಲ. ಹಳಬರು ಅದನ್ನು "ಮುಗಿಯದ ಸೆಪ್ಟೆಂಬರ್" ಎಂದು ಕರೆದರು. ಒಂದೇ ಪ್ರಶ್ನೆಗೆ ನೂರು ಸಲ ಉತ್ತರ ಕೊಟ್ಟವರು ಕೊನೆಗೆ "ಕೈಪಿಡಿ ಓದು" ಎಂದು ಗದರುವುದನ್ನು ರೂಢಿ ಮಾಡಿಕೊಂಡರು. ಆ ಗದರಿಕೆಗೆ ಆರ್‌ಟಿಎಫ್‌ಎಂ ಎಂಬ ನಾಲ್ಕಕ್ಷರದ ಸಂಕ್ಷೇಪವೂ ಇದೆ. ಅದರಲ್ಲಿ ಒಂದಕ್ಷರ ಬೈಗುಳ.

2001ರಲ್ಲಿ ಎರಿಕ್ ರೇಮಂಡ್ ಮತ್ತು ರಿಕ್ ಮೋಯೆನ್ ಜಾಣತನದಿಂದ ಪ್ರಶ್ನೆ ಕೇಳುವುದು ಹೇಗೆ ಎಂಬ ಉದ್ದನೆಯ ಬರಹ ಪ್ರಕಟಿಸಿದರು. ಮೊದಲು ನೀವೇ ಹುಡುಕಿ ನೋಡಿ, ಏನು ಮಾಡಿದಿರಿ, ಪರದೆಯ ಮೇಲೆ ಏನು ಬಂತು ಎಂದು ಸರಿಯಾಗಿ ಬರೆಯಿರಿ, ಉತ್ತರಿಸುವವರ ಸಮಯಕ್ಕೆ ಬೆಲೆ ಕೊಡಿ ಎಂಬ ಅದರ ಸಲಹೆಗಳು ಇವತ್ತಿಗೂ ಉಪಯುಕ್ತ. ಆದರೆ ಓದುವ ಹೊಸಬನಿಗೆ ಅದರ ದನಿ ಬಿರುಸು. ಭಾರ ಹೆಚ್ಚಾಗಿ ಕೇಳುವವನ ಮೇಲೆಯೇ.

ಇಲ್ಲಿ ನಮ್ಮೂರಿನದೇ ಒಂದು ಹೋಲಿಕೆ. ಆದೋನಿ ಮಾರ್ಕೆಟ್ ಯಾರ್ಡಿಗೆ ಮೊದಲ ಸಲ ಹತ್ತಿ ತಂದ ರೈತನಿಗೆ ಚೀಟಿ ಎಲ್ಲಿ, ತೂಕ ಎಲ್ಲಿ, ಯಾರನ್ನು ಕೇಳಬೇಕು ಎಂದು ತಿಳಿಯದೆ ಇರಬಹುದು. ಹಾಗೆಂದು ಅವನಿಗೆ ಹತ್ತಿ ಬೆಳೆಯಲು ಬರುವುದಿಲ್ಲ ಎಂದಲ್ಲ. ಯಾರಾದರೂ ಒಬ್ಬರು "ಅಣ್ಣಾ, ಈ ಕಡೆ ಬಾ" ಎಂದರೆ ಎರಡನೇ ಸಲ ಅವನು ತಾನೇ ಹೋಗುತ್ತಾನೆ. ಮುಕ್ತ ತಂತ್ರಾಂಶಕ್ಕೆ ಬರುವ ಎಷ್ಟೋ ಹೊಸಬರ ಸ್ಥಿತಿ ಇದೇ. ಅವರಿಗೆ ತಿಳಿಯದಿರುವುದು ಅಲ್ಲಿನ ಪದ್ಧತಿ.

ಬಾಗಿಲು ಬಿಗಿಯಾದಾಗ

ಹೊಸಬರನ್ನು ಹೇಗೆ ನೋಡಿಕೊಂಡರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದ್ದು ವಿಕಿಪೀಡಿಯ. ಅಲ್ಲಿ ಬರೆಯುವುದು ಕೋಡ್ ಅಲ್ಲ, ಲೇಖನ. ಆದರೆ ಕೆಲಸದ ರೀತಿ ಒಂದೇ: ಯಾರು ಬೇಕಾದರೂ ತಿದ್ದಬಹುದು, ಎಲ್ಲವೂ ಸ್ವಯಂಸೇವೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2007ರಲ್ಲಿ ಸಕ್ರಿಯ ಸಂಪಾದಕರು 51 ಸಾವಿರಕ್ಕೂ ಹೆಚ್ಚಿದ್ದರು. 2013ರ ಹೊತ್ತಿಗೆ ಅದು 31 ಸಾವಿರದ ಆಸುಪಾಸಿಗೆ ಇಳಿದಿತ್ತು. ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣ ಹುಡುಕಿತು. ಕಿಡಿಗೇಡಿಗಳನ್ನು ತಡೆಯಲು ಮಾಡಿದ ಸ್ವಯಂಚಾಲಿತ ಸಾಧನಗಳು ಮತ್ತು ಬಿಗಿಯಾದ ನಿಯಮಗಳು ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಮೊದಲ ತಿದ್ದುಪಡಿಗಳನ್ನೂ ಅಳಿಸಿಹಾಕುತ್ತಿದ್ದವು. ಹಾಗೆ ಅಳಿಸಿಕೊಂಡವರಲ್ಲಿ ಬಹಳ ಜನ ತಿರುಗಿ ಬರಲಿಲ್ಲ.

ಹೊಸಬರನ್ನು ಕಚ್ಚಬೇಡಿ ಎಂಬ ನಿಯಮ ವಿಕಿಪೀಡಿಯದಲ್ಲಿ ಮೊದಲೇ ಇತ್ತು. ನಿಯಮ ಇದ್ದರೆ ಸಾಲದು, ಮನುಷ್ಯರು ಬೇಕು ಎಂದು ಅರಿತು 2012ರಲ್ಲಿ "ಟೀಹೌಸ್" ಎಂಬ ಜಾಗ ತೆರೆದರು. ನಮ್ಮ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಂತೆ ಎನ್ನಿ. ಯಾವ ಪ್ರಶ್ನೆಯನ್ನಾದರೂ ಕೇಳಬಹುದು, ಉತ್ತರಿಸುವವರು ಮೊದಲು ನಮಸ್ಕಾರ ಹೇಳುತ್ತಾರೆ, ನಿಯಮದ ಪುಟದ ಕೊಂಡಿಯನ್ನಷ್ಟೇ ಎಸೆದು ಹೋಗದೆ ವಿವರಿಸುತ್ತಾರೆ.

ಲಿನಕ್ಸ್ ಲೋಕಕ್ಕೂ ಈ ಅರಿವು ತಡವಾಗಿ ಬಂತು. ಒಂದು ಕಾಲಕ್ಕೆ ತಾನೇ ಹೊಸಬನಾಗಿದ್ದ ಟೋರ್ವಾಲ್ಡ್ಸ್ ದೊಡ್ಡವರಾದ ಮೇಲೆ ಇತರರ ಕೋಡನ್ನು ಕಟುವಾಗಿ ಬೈಯುವುದಕ್ಕೆ ಹೆಸರಾಗಿದ್ದರು. 2018ರ ಸೆಪ್ಟೆಂಬರಿನಲ್ಲಿ ಅವರು ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಉಳಿದರು. ಅದೇ ಸಮಯಕ್ಕೆ ಕರ್ನಲ್ ಸಮುದಾಯ ಹೊಸ ನಡವಳಿಕೆ ಸಂಹಿತೆಯನ್ನು ಒಪ್ಪಿಕೊಂಡಿತು.

ಇನ್ನೊಂದು ಘಟನೆ ನಮ್ಮ ಅಕ್ಕತಂಗಿಯರಿಗಾಗಿ. ಗೂಗಲ್ ಸಂಸ್ಥೆ ಬೇಸಿಗೆಯಲ್ಲಿ ವಿದ್ಯಾರ್ಥಿಗಳಿಗೆ ಮುಕ್ತ ತಂತ್ರಾಂಶದ ಕೆಲಸ ಕೊಡುವ ಯೋಜನೆಯನ್ನು 2005ರಲ್ಲಿ ಶುರುಮಾಡಿತ್ತು. 2006ರಲ್ಲಿ ಅದರಡಿ ಗ್ನೋಮ್ ಯೋಜನೆಗೆ 181 ಅರ್ಜಿಗಳು ಬಂದವು. ಹೆಣ್ಣುಮಕ್ಕಳ ಅರ್ಜಿ ಒಂದೂ ಇರಲಿಲ್ಲ. ಹೆಣ್ಣುಮಕ್ಕಳಿಗೆ ಇದರಲ್ಲಿ ಆಸಕ್ತಿಯಿಲ್ಲ ಎಂದು ಕೈತೊಳೆದುಕೊಳ್ಳಬಹುದಿತ್ತು. ಗ್ನೋಮ್‌ನವರು ಹಾಗೆ ಮಾಡದೆ ಮಹಿಳೆಯರಿಗೆಂದೇ ಪ್ರತ್ಯೇಕ ಆಹ್ವಾನ ಕೊಟ್ಟರು. ಆಗ ಬಂದ ಅರ್ಜಿಗಳು ನೂರರಷ್ಟು! ಕರೆದ ಮೇಲೆ ಬರುವವರು ಇದ್ದೇ ಇದ್ದರು. ಆ ಪ್ರಯತ್ನವೇ ಬೆಳೆದು ಇಂದಿನ ಔಟ್‌ರೀಚಿ ಆಗಿದೆ. ಅಲ್ಲಿ ಪ್ರತಿಯೊಬ್ಬ ಹೊಸಬರಿಗೂ ಮಾರ್ಗದರ್ಶಿ ಇರುತ್ತಾರೆ, ಕೆಲಸಕ್ಕೆ ಭತ್ಯೆಯೂ ಇದೆ.

ನಮ್ಮ ನುಡಿಗಳ ಕಟ್ಟೆಗಳು

ಈಗ ನಮ್ಮ ಕಡೆಗೆ ಬರೋಣ. ಕಂಪ್ಯೂಟರುಗಳು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಪಟ್ಟಿಯಲ್ಲಿ ಕನ್ನಡ ಮತ್ತು ತೆಲುಗು 1991ರ ಮೊದಲ ಆವೃತ್ತಿಯಿಂದಲೂ ಇವೆ. ತೆಲುಗಿಗೆ ಮೀಸಲಾದ 128 ಸ್ಥಾನಗಳು ಮುಗಿದ ಕೂಡಲೇ ಕನ್ನಡದ 128 ಸ್ಥಾನಗಳು ಶುರು. ನಮ್ಮ ಊರುಗಳ ಹಾಗೆ ಅಲ್ಲಿಯೂ ಎರಡು ನುಡಿಗಳು ಅಕ್ಕಪಕ್ಕದ ಮನೆಯವು.

ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಹುಟ್ಟಿತು, ತೆಲುಗಿನದು ಅದೇ ವರ್ಷದ ಡಿಸೆಂಬರಿನಲ್ಲಿ. ತೆಲುಗಿನಲ್ಲಿ ಅದನ್ನು ಆರಂಭಿಸಿದ ವೆನ್ನ ನಾಗಾರ್ಜುನ "ಪದ್ಮ" ಎಂಬ ಸಾಧನವನ್ನೂ ಬರೆದರು. ಪತ್ರಿಕೆಗಳು ತಮ್ಮ ತಮ್ಮ ಫಾಂಟ್‌ಗಳಲ್ಲಿ ಹಾಕುತ್ತಿದ್ದ ಬರಹವನ್ನು ಅದು ಯುನಿಕೋಡಿಗೆ ಬದಲಿಸುತ್ತಿತ್ತು. ಕನ್ನಡದಲ್ಲಿ ಮೊದಲ ವರ್ಷಗಳಲ್ಲಿ ದುಡಿದವರಲ್ಲಿ ಹರಿಪ್ರಸಾದ್ ನಾಡಿಗ್ ಮತ್ತು ಯು.ಬಿ. ಪವನಜ ಪ್ರಮುಖರು. ಹರಿಪ್ರಸಾದ್ 2005ರಲ್ಲಿ "ಸಂಪದ" ತಾಣವನ್ನೂ ಕಟ್ಟಿದರು. ಆಗ ಹೊಸಬರಿಗೆ ಮೊದಲ ತೊಡಕು ಬರೆಯುವುದಕ್ಕೂ ಮುಂಚೆ ಬರುತ್ತಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಭಾರತೀಯ ಲಿಪಿಗಳಿಗಾಗಿ ಬೇರೆಯಾಗಿ ಸೆಟ್ಟಿಂಗ್ ಬದಲಿಸಬೇಕಿತ್ತು. ಇಲ್ಲವಾದರೆ ಅಕ್ಷರಗಳ ಬದಲು ಚೌಕಗಳು, ಮುರಿದ ಒತ್ತಕ್ಷರಗಳು. ಅದನ್ನು ಸರಿಪಡಿಸುವ ಬಗೆಯನ್ನು ಯಾರಾದರೂ ಹಂತಹಂತವಾಗಿ ಹೇಳಿಕೊಡದಿದ್ದರೆ ಹೊಸಬರು ಅಲ್ಲಿಂದಲೇ ಹಿಂದಿರುಗಬೇಕಿತ್ತು.

ಎರಡೂ ವಿಕಿಪೀಡಿಯಗಳಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಇಟ್ಟ ಹೆಸರುಗಳು ನಮಗೆ ಬಹಳ ಇಷ್ಟ. ಕನ್ನಡದಲ್ಲಿ ಅದು "ಅರಳಿ ಕಟ್ಟೆ", ತೆಲುಗಿನಲ್ಲಿ "ರಚ್ಚಬಂಡ". ಎರಡರ ಅರ್ಥವೂ ನಮ್ಮ ಹಳ್ಳಿಗಳಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಹೊಸಬರು ಹೆದರಿಕೆಯಿಲ್ಲದೆ ಬರೆದು ಅಳಿಸಿ ಕಲಿಯಲೆಂದು "ಪ್ರಯೋಗಪುಟ"ವೂ ಇದೆ.

ಕರೆದರೆ ಸಾಲದು, ಕಲಿಸುವವರೂ ಇರಬೇಕು ಎಂಬ ಪಾಠ ಪುಣೆಯಿಂದ ಬಂತು. 2011ರಲ್ಲಿ ವಿಕಿಮೀಡಿಯ ಸಂಸ್ಥೆ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಸುವ ಯೋಜನೆ ಹಾಕಿತು. ವಿದ್ಯಾರ್ಥಿಗಳು ಬಹಳ ಜನ, ಪಳಗಿದ ಮಾರ್ಗದರ್ಶಕರು ಕಡಿಮೆ. ಪುಸ್ತಕ ಮತ್ತು ಜಾಲತಾಣಗಳಿಂದ ನಕಲಿಸಿದ ಬರಹ ರಾಶಿಯಾಗಿ ಬಂದು ಬಿತ್ತು. ಅದನ್ನು ತೆಗೆಯುವುದರಲ್ಲೇ ಹಳೆಯ ಸ್ವಯಂಸೇವಕರು ಸುಸ್ತಾದರು. ಆ ವರ್ಷವೇ ಯೋಜನೆಯನ್ನು ನಿಲ್ಲಿಸಬೇಕಾಯಿತು. ಪರೀಕ್ಷೆಗೆ ಗೈಡ್ ನೋಡಿ ಬರೆಯುವ ಅಭ್ಯಾಸದಲ್ಲೇ ಬೆಳೆದ ಮಕ್ಕಳಿಗೆ ಸ್ವಂತ ವಾಕ್ಯದಲ್ಲಿ ಬರೆಯುವುದು ಏನೆಂದು ಮೊದಲು ಹೇಳಿಕೊಡಬೇಕಿತ್ತು.

ಅದಾದ ಮೇಲೆ ನಮ್ಮ ಕಡೆ ಕೆಲಸ ಬೇರೆ ರೀತಿಯಲ್ಲಿ ನಡೆಯಿತು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ವಿಷಯ ಓದುವ ವಿದ್ಯಾರ್ಥಿಗಳು ಕನ್ನಡ ಸೇರಿದಂತೆ ತಮ್ಮ ತಮ್ಮ ನುಡಿಗಳಲ್ಲಿ ಬರೆಯತೊಡಗಿದರು. ಮಂಗಳೂರಿನಲ್ಲಿ ಯೇಸುಸಭೆಯವರು 1880ರಲ್ಲಿ ಸ್ಥಾಪಿಸಿದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅಧ್ಯಾಪಕರೇ ಮೊದಲು ಕಲಿತು ಮಕ್ಕಳ ಜೊತೆ ಕೂತರು. ಕನ್ನಡ ವಿಕಿಪೀಡಿಯದ 13ನೇ ವರ್ಷದ ಹಬ್ಬ 2016ರ ಫೆಬ್ರವರಿಯಲ್ಲಿ ಮಂಗಳೂರಿನಲ್ಲೇ ನಡೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ತುಳು ವಿಕಿಪೀಡಿಯ ಹೊರಬಂತು. ಅದಕ್ಕೂ ಮುಂಚೆ ಸುಮಾರು ಎಂಟು ವರ್ಷ ತುಳು "ಇನ್‌ಕ್ಯುಬೇಟರ್" ಎಂಬ ಜಾಗದಲ್ಲಿ ಕಾದಿತ್ತು. ಹೊಸ ಭಾಷೆಗಳಿಗೆ ಅದು ಸಸಿಮಡಿ ಇದ್ದ ಹಾಗೆ. ಮೆಣಸಿನ ಸಸಿಯನ್ನು ಮಡಿಯಲ್ಲಿ ಬೆಳೆಸಿ ಆಮೇಲೆ ಹೊಲಕ್ಕೆ ನೆಡುವ ನಮ್ಮ ರೈತರಿಗೆ ಈ ತಾಳ್ಮೆ ಗೊತ್ತಿರುವಂಥದ್ದೇ.

ತಂತ್ರಾಂಶದ ಕಡೆಯೂ ಇಂಥ ಕೆಲಸ ನಡೆದಿದೆ. ಹೈದರಾಬಾದಿನ "ಸ್ವೇಚ್ಛ" 2005ರಲ್ಲಿ ಶುರುವಾಗಿ ತೆಲುಗಿನಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನೇ ಸಿದ್ಧಪಡಿಸಿತು. ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆ ಶಿಬಿರಗಳನ್ನು ನಡೆಸಿತು. ಕರ್ನಾಟಕದಲ್ಲಿ 2009ರಲ್ಲಿ ಆರಂಭವಾದ ಸ್ವತಂತ್ರ ತಂತ್ರಾಂಶ ಆಂದೋಲನವೂ ಇಂಥ ಶಿಬಿರಗಳನ್ನು ಮಾಡಿತು. ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಒಂದು ಸಮುದಾಯ ಕಂಪ್ಯೂಟರ್ ಕೇಂದ್ರ ಇತ್ತು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಸ್ವಯಂಸೇವಕರು ಅಲ್ಲಿಗೆ ಹೋಗಿ ಕೂಲಿ ಕುಟುಂಬಗಳ ಮಕ್ಕಳಿಗೆ ಕಲಿಸುತ್ತಿದ್ದರು. ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳು, ಉಚಿತ ಲಿನಕ್ಸ್, ಚಿತ್ರ ಬಿಡಿಸಲು ಗಿಂಪ್. ಇಷ್ಟರಲ್ಲೇ ಮಕ್ಕಳು ತಮ್ಮ ಚಿತ್ರಗಳನ್ನು ಬಿಡಿಸಿದರು.

ಹೊಸಬರಿಗೂ ಹೊಣೆ ಇದೆ

ಬರೀ ಹಿರಿಯರನ್ನು ದೂರಿದರೆ ಚರಿತ್ರೆ ಅರ್ಧ ಹೇಳಿದಂತೆ. 2020ರ ಅಕ್ಟೋಬರಿನಲ್ಲಿ "ಹ್ಯಾಕ್ಟೋಬರ್‌ಫೆಸ್ಟ್" ಎಂಬ ವಾರ್ಷಿಕ ಕಾರ್ಯಕ್ರಮ ನಡೆಯಿತು. ಮುಕ್ತ ತಂತ್ರಾಂಶಗಳಿಗೆ ನಾಲ್ಕು ತಿದ್ದುಪಡಿ ಕಳುಹಿಸಿದರೆ ಒಂದು ಟೀ ಶರ್ಟ್. ಒಂದು ಪದ ಸೇರಿಸಿ ತಿದ್ದುಪಡಿ ಕಳುಹಿಸುವುದು ಹೇಗೆಂದು ತೋರಿಸಿದ ನಮ್ಮ ದೇಶದ ವಿಡಿಯೊ ಒಂದನ್ನು ನೋಡಿ ಬಹಳ ಜನ ಅದನ್ನೇ ಮಾಡಿದರು. ಅರ್ಥವಿಲ್ಲದ ತಿದ್ದುಪಡಿಗಳ ಪ್ರವಾಹದಿಂದ ಕೋಡ್ ನೋಡಿಕೊಳ್ಳುವವರು ರೋಸಿಹೋದರು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಕಳುಹಿಸಬಹುದು ಎಂದಾಯಿತು. ನಷ್ಟ ಯಾರಿಗೆ? ನಿಜವಾಗಿ ಕಲಿಯಲು ಬಂದ ಭಾರತೀಯ ವಿದ್ಯಾರ್ಥಿಯನ್ನೂ ಜನ ಸಂಶಯದಿಂದ ನೋಡುವಂತಾಯಿತು.

ಇನ್ನೂ ಗಂಭೀರವಾದದ್ದು 2024ರ ಮಾರ್ಚ್ 29ರಂದು ಬೆಳಕಿಗೆ ಬಂತು. ಲಿನಕ್ಸ್ ಕಂಪ್ಯೂಟರುಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ "ಎಕ್ಸ್‌ಝಡ್" ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಪತ್ತೆಮಾಡಿದರು. ಇಟ್ಟದ್ದು "ಜಿಯಾ ಟಾನ್" ಎಂಬ ಹೆಸರಿನಲ್ಲಿ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ ವ್ಯಕ್ತಿ. ಹಾಗಾದರೆ ಹೊಸಬರನ್ನು ನಂಬಲೇಬಾರದೇ? ಆ ತಂತ್ರಾಂಶದ ಹೊಣೆಯನ್ನು ವರ್ಷಗಳಿಂದ ಒಬ್ಬರೇ ಹೊತ್ತು ದಣಿದಿದ್ದರು. ದಣಿದವರ ಮೇಲೆ ಒತ್ತಡ ಹೇರಿಯೇ ಆ ವ್ಯಕ್ತಿ ಒಳಗೆ ಬಂದದ್ದು. ಜೊತೆಗೆ ನಾಲ್ಕು ಜನ ಪ್ರಾಮಾಣಿಕ ಹೊಸಬರು ಬೆಳೆದಿದ್ದರೆ ಬಂದ ಕೋಡನ್ನು ನೋಡುವ ಕಣ್ಣುಗಳು ಹೆಚ್ಚಿರುತ್ತಿದ್ದವು.

ಗಡಿಯ ನಾವು

ಈಗ ನಮ್ಮ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ನಮ್ಮ ಕಡೆ ಇಂದಿಗೂ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್. ಮುಕ್ತ ತಂತ್ರಾಂಶದ ಲೋಕಕ್ಕೆ ಇವರು ಮೂರು ಪಟ್ಟು ಹೊಸಬರು. ಕೋಡ್ ಹೊಸದು, ಇಂಗ್ಲಿಷ್ ಹೊಸದು, ಕೇಳುವ ರೀತಿಯೂ ಹೊಸದು.

ತೆಲುಗು ವಿಕಿಪೀಡಿಯ ಒಂದು ಲಕ್ಷ ಲೇಖನಗಳನ್ನು ದಾಟಿದೆ. ಕನ್ನಡದ್ದು 30 ಸಾವಿರ ದಾಟಿ ನಿಧಾನವಾಗಿ ಸಾಗುತ್ತಿದೆ. ಕನ್ನಡದ ತಂತ್ರಾಂಶಗಳನ್ನು ಅನುವಾದಿಸುವವರು, ಗುಬ್ಬಿ ಮತ್ತು ನವಿಲುವಿನಂಥ ಮುಕ್ತ ಫಾಂಟ್‌ಗಳನ್ನು ಮಾಡುವವರು ಬೆರಳೆಣಿಕೆಯ ಜನ. ಇಂಗ್ಲಿಷಿನ ದೊಡ್ಡ ಯೋಜನೆಗೆ ನೂರು ಹೊಸಬರು ಬೇಸರಪಟ್ಟು ಹೋದರೂ ಇನ್ನೂರು ಜನ ಬರುತ್ತಾರೆ. ನಮ್ಮಲ್ಲಿ ಕೌತಾಳದಿಂದಲೋ ಆಲೂರಿನಿಂದಲೋ ಬಂದ ಒಬ್ಬ ಹುಡುಗಿ ಮೊದಲ ದಿನವೇ ಮುದುಡಿಕೊಂಡು ಹೋದರೆ, ಅವಳ ಊರಿನ ಬಗ್ಗೆ ಬರೆಯಬಲ್ಲವರು ಬೇರೆ ಯಾರೂ ಇಲ್ಲದೆ ಇರಬಹುದು. ಅದಕ್ಕೇ ಈ ವಿಷಯ ನಮಗೆ ಇಷ್ಟು ಮುಖ್ಯ.

ಆದ್ದರಿಂದ ನಮ್ಮ ಕೂಟದ ತಮ್ಮಂದಿರಿಗೆ, ತಂಗಿಯರಿಗೆ ಹೇಳುವುದು ಇಷ್ಟು. ಕೇಳುವಾಗ ಯಾವ ಫೋನ್ ಅಥವಾ ಕಂಪ್ಯೂಟರ್, ಏನು ಮಾಡಿದಿರಿ, ಏನು ಬಂತು ಎಂಬ ಮೂರನ್ನೂ ಬರೆಯಿರಿ. "ಬರ್ತಿಲ್ಲಣ್ಣಾ" ಎಂದಷ್ಟೇ ಬರೆದರೆ ಉತ್ತರಿಸುವವರು ಊಹಿಸಬೇಕಾಗುತ್ತದೆ. ಉತ್ತರ ಸಿಕ್ಕಿ ಸಮಸ್ಯೆ ಬಗೆಹರಿದರೆ ಅದನ್ನೂ ಅಲ್ಲೇ ತಿಳಿಸಿ, ಮುಂದೆ ಬರುವವರಿಗೆ ದಾರಿಯಾಗುತ್ತದೆ. ಸಣ್ಣದಾದರೂ ನಿಜವಾದ ಕೆಲಸ ಕಳುಹಿಸಿ.

ಕೆಲಸ ಬಲ್ಲ ಅಣ್ಣಂದಿರು, ಅಕ್ಕಂದಿರು ಕೇಳಿದವರ ನುಡಿಯಲ್ಲೇ ಉತ್ತರಿಸಿ. ಅವರ ಕೈಯಿಂದ ಮೌಸ್ ಕಿತ್ತುಕೊಂಡು ನೀವೇ ಮಾಡಿ ಮುಗಿಸಬೇಡಿ. ಒಂದು ಸಲ ತೋರಿಸಿ, ಎರಡನೇ ಸಲ ಅವರೇ ಮಾಡಲಿ. ತಪ್ಪು ಇದ್ದರೆ ಮೊದಲು ಸರಿಯಿರುವುದನ್ನು ಹೇಳಿ ಆಮೇಲೆ ತಿದ್ದಿ. ಒಂದೇ ಪ್ರಶ್ನೆ ಹತ್ತು ಸಲ ಬಂದರೆ ಉತ್ತರವನ್ನು ಕನ್ನಡದಲ್ಲಿ ಒಂದು ಕಡೆ ಬರೆದಿಟ್ಟು ಪ್ರೀತಿಯಿಂದ ತೋರಿಸಿ.

ಎಲ್ಲಿಂದ ಶುರು ಮಾಡುವುದು? ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಊರಿನ ಹೆಸರನ್ನು ಹುಡುಕಿ ನೋಡಿ. ಪುಟ ಇಲ್ಲದಿದ್ದರೆ, ಇದ್ದರೂ ಎರಡೇ ಸಾಲು ಇದ್ದರೆ, ಅದೇ ಮೊದಲ ಕೆಲಸ. ಭಾನುವಾರ ಆರಾಧನೆ ಮುಗಿದ ಮೇಲೆ ಲ್ಯಾಪ್‌ಟಾಪ್ ಇರುವವರು ತನ್ನಿ, ಇಲ್ಲದವರು ಫೋನ್ ತನ್ನಿ. ಪ್ರಯೋಗಪುಟ ತೆರೆದು ಒಟ್ಟಿಗೆ ಕೂರೋಣ. ಯಾವ ಪ್ರಶ್ನೆಯನ್ನಾದರೂ ಕೇಳಿ. ಗೊತ್ತಿದ್ದವರು ಹೇಳುತ್ತಾರೆ, ಯಾರಿಗೂ ಗೊತ್ತಿಲ್ಲದಿದ್ದರೆ ಎಲ್ಲರೂ ಸೇರಿ ಅರಳಿ ಕಟ್ಟೆಗೆ ಹೋಗಿ ಕೇಳೋಣ.